ಬೆಂಕಿಯೊಳಗಿನ ಆಲಿಕಲ್ಲು

ಆಲಿಕಲ್ಲು ಎಂಬ ಪದವನ್ನು ಬಿಡಿಸಿ ನೋಡುವ ಗೋಜಿಗೆ ನಾವು ಸಾಮಾನ್ಯವಾಗಿ ಹೋಗುವುದಿಲ್ಲ. ಯುಗಾದಿ ಕಳೆದ ಮೇಲಿನ ಗುಡುಗುಮಳೆಯಲ್ಲಿ ಹೆಂಚಿನ ಮೇಲೆ ಪಟಪಟನೆ ಬಿದ್ದು, ಹೆಕ್ಕಿಕೊಂಡವರ ಅಂಗೈಯಲ್ಲೇ ನೀರಾಗಿಬಿಡುವುದು ಆಲಿಕಲ್ಲು, ಅದರಲ್ಲಿ ಬಿಡಿಸುವುದಕ್ಕೇನಿದೆ? ಇದೆ. ಆಲಿ ಎಂಬ ತುಣುಕೊಂದೇ ಸಾಕಿತ್ತು, ತಮಿಳಿನಲ್ಲಿ ಅದು ಮಳೆಹನಿಯೂ ಹೌದು, ಹೆಪ್ಪುಗಟ್ಟಿದ ಹನಿಯೂ ಹೌದು. ಆದರೂ ಅದನ್ನು ಒಂಟಿಯಾಗಿ ಬಿಡಲು ದ್ರಾವಿಡ ಸೋದರಿಯರಿಗೆ ಮನಸ್ಸು ಬರಲಿಲ್ಲವೆಂದು ಕಾಣುತ್ತದೆ. ತಮಿಳರು ಅದಕ್ಕೆ ಗಡ್ಡೆಯ ಅರ್ಥದ ಕಟ್ಟಿಯನ್ನು ಸೇರಿಸಿದರು, ಮಲಯಾಳಿಗಳು ಹಣ್ಣನ್ನು ಸೇರಿಸಿ ಆಲಿಪ್ಪಳ ಎಂದು ಬಾಯಿ ಸಿಹಿ ಮಾಡಿಕೊಂಡರು, ನಾವು ಕಲ್ಲನ್ನು ಸೇರಿಸಿದೆವು. ನಮ್ಮಲ್ಲೇ ಕೆಲವು ಕಡೆ ಅದು ಆಣೆಕಲ್ಲಾಗಿ, ಆನೆಕಲ್ಲಾಗಿ, ಆನೆಯ ನೆನಪನ್ನು ಸುಮ್ಮನೆ ಮೈಮೇಲೆ ಎಳೆದುಕೊಂಡಿತು. ಬೆಂಗಳೂರಿನ ಪಕ್ಕದ ಆನೇಕಲ್ಲಿನ ಹೆಸರನ್ನು ಈ ಕಲ್ಲಿನಿಂದಲೇ ಬಿಡಿಸಿದವರೂ ಉಂಟು. ಸಂಸ್ಕೃತವೂ ಇದೇ ದಾರಿ ಹಿಡಿದಿದೆ. ನಿಘಂಟುಕಾರ ಅಮರಸಿಂಹ ಕೊಡುವ ವರ್ಷೋಪಲ, ಕರಕಾ ಎಂಬ ಜೋಡಿಯಲ್ಲಿ ಮೊದಲನೆಯದು ಮಳೆಯ ಕಲ್ಲು. ಘನೋಪಲ ಎಂದರೂ ಮೋಡದ ಕಲ್ಲೇ, ಉಪಲವೆಂದರೆ ಶಿಲೆ ತಾನೆ.

ನೀರು ಗಟ್ಟಿಯಾದದ್ದನ್ನು ಹೀಗೆ ಕಲ್ಲೆಂದು ಕರೆದು ಕರೆದು ಪಳಗಿದ ನಮ್ಮ ಕಿವಿಗೆ, ಕಲ್ಲನ್ನೇ ಹಿಮವೆಂದು ಕರೆದ ಪದವೊಂದು ಎದುರಾದರೆ ದೂರದ ನೆಂಟರು ಬಂದಂತಾಗಬೇಕು. ಕ್ರಯೊಲೈಟ್ ಅಂಥ ಪದ. ರಸಾಯನಶಾಸ್ತ್ರದ ಪಠ್ಯಪುಸ್ತಕದಲ್ಲಿ ಅಲ್ಯೂಮಿನಿಯಮ್ ಪಾಠದ ನಡುವೆ, ‘ಕರಗಿಸಿದ ಕ್ರಯೊಲೈಟಿನಲ್ಲಿ ಅಲ್ಯೂಮಿನಾವನ್ನು ಲೀನಗೊಳಿಸಿ’ ಎಂಬಂಥ ಒಂದು ವಾಕ್ಯದಲ್ಲಿ ಅದು ಹಾದುಹೋಗುತ್ತದೆ. ಪರೀಕ್ಷೆಗೆ ಎರಡು ಅಂಕ, ಮುಗಿಯಿತು. ಗ್ರೀಕಿನಲ್ಲಿ ಕ್ರೂಓಸ್ ಎಂದರೆ ಹೆಪ್ಪುಗಟ್ಟಿಸುವ ಚಳಿ, ಹಿಮ. ಲಿಥೊಸ್ ಎಂದರೆ ಕಲ್ಲು. ಎರಡೂ ಕೂಡಿದರೆ ಹಿಮಗಲ್ಲು. ನಮ್ಮ ಆಲಿಕಲ್ಲಿನ ಪೂರ್ವಪದ, ಉತ್ತರಪದ ಎರಡೂ ಇಲ್ಲಿವೆ, ಕ್ರಮವೂ ತಪ್ಪಿಲ್ಲ. ಆದರೆ ದಿಕ್ಕು ಮಾತ್ರ ತಿರುಗಿದೆ. ನಮ್ಮದು ಕಲ್ಲಿನಂತಿರುವ ಹಿಮ, ಅವರದು ಹಿಮದಂತಿರುವ ಕಲ್ಲು. ವೈಯಾಕರಣರು ಒಂದೇ ಬಗೆಯ ಸಮಾಸವೆಂದು ತಳ್ಳಿಹಾಕಬಹುದಾದ ಎರಡು ಪದಗಳೊಳಗೆ ಉಪಮಾನ, ಉಪಮೇಯಗಳು ಸ್ಥಾನ ಬದಲಿಸಿಕೊಂಡು ಕೂತಿರುವುದನ್ನು ನೋಡುವ ಸುಖ ನಮ್ಮಂಥ ಪದಚಟದವರಿಗೆ ಮಾತ್ರ ಗೊತ್ತು.

ಕ್ರೂಓಸ್‌ನ ಬಳಗ ದೊಡ್ಡದು. ಅದೇ ಬೇರಿಗೆ ನಿರುಕ್ತಕಾರರು ಸೇರಿಸುವ ಕ್ರುಸ್ತಲ್ಲೊಸ್ ಎಂಬ ಗ್ರೀಕ್ ಪದಕ್ಕೆ ಮೊದಲ ಅರ್ಥ ಮಂಜುಗಡ್ಡೆ. ಆಮೇಲೆ ಅದು ಪಾರದರ್ಶಕವಾದ ಬಿಳಿ ಸ್ಫಟಿಕಶಿಲೆಗೂ ಹಬ್ಬಿತು. ಹಬ್ಬಿದ್ದಕ್ಕೆ ಬರಿಯ ಹೋಲಿಕೆ ಕಾರಣವಾಗಿರಲಿಲ್ಲ, ಒಂದು ನಂಬಿಕೆಯೂ ಇತ್ತು. ರೋಮಿನ ಪ್ಲಿನಿಯಂಥ ವಿದ್ವಾಂಸನೂ ಸ್ಫಟಿಕವೆಂದರೆ ಅತಿಶೀತದಲ್ಲಿ ಮತ್ತೆ ಕರಗದಷ್ಟು ಗಟ್ಟಿಯಾಗಿಬಿಟ್ಟ ಮಂಜುಗಡ್ಡೆಯೆಂದೇ ತಿಳಿದಿದ್ದ. ಆ ತಿಳಿವಳಿಕೆ ಹೋಯಿತು, ಪದ ಉಳಿಯಿತು, ಇಂಗ್ಲಿಷಿನ ಕ್ರಿಸ್ಟಲ್ ಆಯಿತು. ಲ್ಯಾಟಿನ್ನಿನಲ್ಲಿ ಅದೇ ಬೇರು ಕ್ರುಸ್ತಾ ಎಂಬ ಚಿಗುರೊಡೆದು, ಮೇಲೆ ಗಟ್ಟಿಗಟ್ಟಿದ ಪದರ, ಹಕ್ಕಳೆ, ಚಿಪ್ಪು ಎಂಬ ಅರ್ಥಗಳನ್ನು ತಳೆಯಿತು. ಈ ಕ್ರುಸ್ತಾ ಮುಂದೆ ಇನ್ನೊಮ್ಮೆ ಸಿಗುತ್ತದೆ, ಆಗ ವಿಚಾರಿಸಿಕೊಳ್ಳೋಣ. ಕುತೂಹಲದ ಸಂಗತಿಯೆಂದರೆ ನಮ್ಮ ಹಿಮದ ದಾಯಾದಿಗಳೂ ಗ್ರೀಕಿನಲ್ಲಿದ್ದಾರೆ: ಖೈಮೋನ್ ಎಂದರೆ ಚಳಿಗಾಲ, ಲ್ಯಾಟಿನ್ನಿನ ಹಿಯೆಮ್ಸ್ ಕೂಡ ಅದೇ, ನಮ್ಮ ಹೇಮಂತ ಅವರ ಸೋದರ. ಆದರೆ ಆ ವಂಶದವರು ಯುರೋಪಿನಲ್ಲಿ ಬಹುಮಟ್ಟಿಗೆ ಋತುವಿಗೆ ಅಂಟಿಕೊಂಡರು, ನಮ್ಮಲ್ಲಿ ಋತುವಿಗೂ ಪರ್ವತಕ್ಕೂ ವಸ್ತುವಿಗೂ ಸಲ್ಲುವವರಾದರು. ಹಾಗಾಗಿ ಯುರೋಪಿನ ವಿದ್ವಾಂಸನೊಬ್ಬ ಹಿಮದ ಹೆಸರಿನಲ್ಲಿ ಕಲ್ಲಿಗೆ ನಾಮಕರಣ ಮಾಡಹೊರಟಾಗ ಅವನ ಕೈಗೆ ಸಿಕ್ಕಿದ್ದು ಕ್ರೂಓಸ್.

ಸ್ಫಟಿಕಕ್ಕೆ ನಮ್ಮಲ್ಲಿ ಮಂಜಿನ ನಂಟು ಅಂಟಲಿಲ್ಲ. ಕವಿಗಳು ಚಂದ್ರಕಾಂತಶಿಲೆಯನ್ನು ಬೆಳುದಿಂಗಳಿನಲ್ಲಿ ಜಿನುಗಿಸಿದರು, ಅಂದರೆ ಕರಗುವ ಕಲ್ಲಿನ ಕಲ್ಪನೆ ನಮಗೂ ಇತ್ತು; ಸ್ಫಟಿಕ ಮಾತ್ರ ಜಪಮಣಿಯಾಗಿ, ಅರಮನೆಯ ಭಿತ್ತಿಯಾಗಿ, ಹಳಗನ್ನಡದ ಬಾಯಲ್ಲಿ ಪಳಿಕು, ಪಳುಕು ಆಗಿ ಗಟ್ಟಿಯಾಗಿಯೇ ಉಳಿಯಿತು. ಅದರ ಇನ್ನೊಂದು ಕವಲು ಗ್ರಂಥಿಗೆ ಅಂಗಡಿಗೆ ಇಳಿದು ಪಟಿಕವಾಯಿತು: ಕ್ಷೌರದ ಮೇಲೆ ಕೆನ್ನೆಗೆ ತಿಕ್ಕುವ, ರಾಡಿ ನೀರಿನ ಕೊಡದಲ್ಲಿ ನಾಲ್ಕು ಸುತ್ತು ಆಡಿಸಿದರೆ ಮಣ್ಣನ್ನು ತಳಕ್ಕೆ ಕೂರಿಸುವ, ಬಾಗಿಲಿಗೆ ಕಟ್ಟಿದರೆ ದೃಷ್ಟಿ ತಾಗದೆಂದು ನಂಬಿದ ಆ ಒಗರು ಗಡ್ಡೆ. ರಸಶಾಸ್ತ್ರದ ಗ್ರಂಥಗಳು ಇದನ್ನು ಕಾಂಕ್ಷೀ ಎನ್ನುತ್ತವೆ, ತುವರೀ ಎನ್ನುತ್ತವೆ, ಸಿಕ್ಕುವ ನಾಡಿನ ಮೇಲೆ ಸೌರಾಷ್ಟ್ರೀ ಎಂದೂ ಕರೆಯುತ್ತವೆ. ಲ್ಯಾಟಿನ್ನಿನಲ್ಲಿ ಪಟಿಕಕ್ಕೆ ಅಲುಮೆನ್. ಅಲ್ಲಿಂದಲೇ ಅಲ್ಯೂಮಿನಾ, ಅಲ್ಲಿಂದಲೇ ಅಲ್ಯೂಮಿನಿಯಮ್. ಎಂದರೆ ಗ್ರೀಕಿನಲ್ಲಿ ಸ್ಫಟಿಕವಾಚಿ ಪದ ಹಿಮದ ಕಡೆಗೆ ಕೈಚಾಚಿದರೆ, ಕನ್ನಡದ ಸ್ಫಟಿಕ ಪಟಿಕದ ಮೂಲಕ ಅಲ್ಯೂಮಿನಿಯಮ್ಮಿನ ಕಡೆಗೆ ಕೈಚಾಚಿದೆ. ಹೆಸರಿನಲ್ಲಿ ಹಿಮವನ್ನೂ ಒಡಲಿನಲ್ಲಿ ಪಟಿಕದ ಲೋಹವನ್ನೂ ಇಟ್ಟುಕೊಂಡ ಕಲ್ಲೊಂದು ನಿಜವಾಗಿಯೂ ಇತ್ತು, ಗ್ರೀನ್‌ಲ್ಯಾಂಡಿನಲ್ಲಿ.

ಗ್ರೀನ್‌ಲ್ಯಾಂಡಿನ ನೈಋತ್ಯ ಕರಾವಳಿಯ ಒಂದು ಕಿರುಕಡಲಿನ ದಂಡೆಯಲ್ಲಿ ಇವಿಟ್ಟೂಟ್ ಎಂಬ ಜಾಗವಿದೆ. ಹಳೆಯ ಬರಹಗಳಲ್ಲಿ ಇವಿಗ್ಟುಟ್. ಗ್ರೀನ್‌ಲ್ಯಾಂಡಿನ ನುಡಿಯಲ್ಲಿ ಅದಕ್ಕೆ ಹುಲ್ಲಿರುವ ತಾಣವೆಂದು ಅರ್ಥ, ನಮ್ಮ ಹುಲ್ಲಹಳ್ಳಿ, ಹುಲ್ಲೂರುಗಳ ಬಳಗವೆನ್ನಿ. ಆ ಹುಲ್ಲೂರಿನ ನೆಲದಲ್ಲಿ ಬೇರೆಲ್ಲೂ ಅಷ್ಟು ದೊಡ್ಡ ಗಾತ್ರದಲ್ಲಿ ದೊರೆಯದ ಬಿಳಿಕಲ್ಲಿನ ರಾಶಿ ಇತ್ತು. ರಷ್ಯದ ಇಲ್ಮೆನ್ ಬೆಟ್ಟಗಳಲ್ಲಿ, ಅಮೆರಿಕದ ಕೊಲೊರಾಡೋದಲ್ಲಿ ಇದರ ಚೂರುಪಾರು ಸಿಕ್ಕಿದ್ದುಂಟು, ಗಣಿಗಾರಿಕೆ ಎಂದು ಕರೆಯುವಂಥದ್ದು ಬಹುಕಾಲ ನಡೆದದ್ದು ಇವಿಟ್ಟೂಟ್ ಒಂದರಲ್ಲೇ. ಸ್ಥಳೀಯ ಇನುಯಿಟ್ ಜನ ಈ ಕಲ್ಲನ್ನು ವಿದ್ವಾಂಸರಿಗಿಂತ ಎಷ್ಟೋ ಮೊದಲೇ ಕಂಡವರು. ಅವರು ಕಲ್ಲಿಗೆ ಇಟ್ಟ ಹೆಸರಿನ ಬೇರು ಒರ್ಸೋಕ್, ಅಂದರೆ ಸೀಲ್ ಮತ್ತು ತಿಮಿಂಗಿಲಗಳ ಚರ್ಮದಡಿಯ ಕೊಬ್ಬು. ಕೊಬ್ಬಿನಂಥ ಕಲ್ಲು! ನಾವು ಇಲ್ಲಿ ತುಸು ನಿಲ್ಲಬೇಕು. ಮಂಜುಗಡ್ಡೆಯ ನಡುವೆಯೇ ಹುಟ್ಟಿ ಬೆಳೆದವರ ಕಣ್ಣಿಗೆ ಈ ಕಲ್ಲು ಮಂಜುಗಡ್ಡೆಯಂತೆ ಕಾಣಲಿಲ್ಲ. ಮಂಜಿನಲ್ಲಿ ನೂರು ಬಗೆಯನ್ನು ಬಲ್ಲವರು ಇದರ ಮಬ್ಬು ಬಿಳುಪು, ಜಿಡ್ಡು ಹೊಳಪು ಬೇರೆಯದೆಂದು ಒಂದೇ ನೋಟಕ್ಕೆ ತಿಳಿದರು. ಅದನ್ನು ಹಿಮವೆಂದದ್ದು ಕೋಪನ್‌ಹೇಗನ್ನಿನ ಕೋಣೆಯಲ್ಲಿ ಕೂತು ಹರಳನ್ನು ಬೆಳಕಿಗೆ ಹಿಡಿದು ನೋಡಿದವರು. ಹೆಸರಿಡುವಾಗ ಯಾರ ಮನೆಯಲ್ಲಿ ಯಾವುದು ದಿನಬಳಕೆಯದೋ ಅದು ಉಪಮಾನವಾಗುವುದು ಕಡಿಮೆಯೆಂದು ನನಗನ್ನಿಸುತ್ತದೆ. ಕೊಬ್ಬಾದರೋ ಅವರಿಗೂ ದಿನಬಳಕೆಯದೇ ಆಗಿತ್ತಲ್ಲ ಎಂದು ನೀವು ಕೇಳಿದರೆ ಸೋತೆ.

ಕೋಪನ್‌ಹೇಗನ್ನಿನಲ್ಲಿ ಈ ಕಲ್ಲಿನ ತುಂಡುಗಳನ್ನು ಪರೀಕ್ಷಿಸಿದವನು ಪೇಡರ್ ಕ್ರಿಶ್ಚಿಯನ್ ಆಬಿಲ್‌ಗೋರ್, ಡೆನ್ಮಾರ್ಕಿನಲ್ಲಿ ಪಶುವೈದ್ಯಶಾಲೆಯನ್ನು ಸ್ಥಾಪಿಸಿದ ವೈದ್ಯ. 1799ರಲ್ಲಿ ಅವನು ಇದರಲ್ಲಿ ಫ್ಲೋರಿಕ್ ಆಮ್ಲವೂ ಪಟಿಕದ ಮಣ್ಣೂ ಇವೆಯೆಂದು ಕಂಡ. ಹಿಮಗಲ್ಲು ಎಂಬ ಹೆಸರು ಅವನ ಕೊಡುಗೆ. ಜರ್ಮನರು ಅದನ್ನು ತಮ್ಮ ನುಡಿಗೆ ತಿರುಗಿಸಿ ಐಸ್‌ಷ್ಟೈನ್ ಎಂದೂ ಕರೆದುಕೊಂಡರು. ಹಿಮವೆಂದದ್ದು ಯಾಕೆ? ಇಲ್ಲಿ ಟೀಕಾಕಾರರಲ್ಲಿ ಎರಡು ಪಂಗಡ. ಬಿಳುಪಾದ, ಅರೆಪಾರದರ್ಶಕವಾದ ಅದರ ನೋಟಕ್ಕಾಗಿ ಎನ್ನುವವರು ಒಂದು ಕಡೆ. ಇದರ ತೆಳು ಚೂರು ಮೇಣದ ಬತ್ತಿಯ ಉರಿಯಲ್ಲೇ ಮಂಜಿನ ಹಾಗೆ ಕರಗುವುದಕ್ಕಾಗಿ ಎನ್ನುವವರು ಇನ್ನೊಂದು ಕಡೆ. ಖನಿಜಶಾಸ್ತ್ರದ ಪುಸ್ತಕಗಳು ಬಹುಮಟ್ಟಿಗೆ ಮೊದಲ ಪಂಗಡದವು. ನನಗೂ ಅದೇ ಸರಿಯೆನಿಸಿದರೂ ಎರಡನೆಯದನ್ನು ಬಿಟ್ಟುಕೊಡಲು ಮನಸ್ಸಿಲ್ಲ, ಏಕೆಂದರೆ ಈ ಕಲ್ಲಿನ ಮುಂದಿನ ಬಾಳೆಲ್ಲ ಕರಗುವುದರಲ್ಲೇ ಕಳೆಯಿತು. ನೋಟದ ಪಂಗಡಕ್ಕೆ ಒಂದು ಸಾಕ್ಷ್ಯವನ್ನು ನಾನೇ ಒದಗಿಸುತ್ತೇನೆ: ಬೆಳಕನ್ನು ಬಾಗಿಸುವ ಗುಣದಲ್ಲಿ ಕ್ರಯೊಲೈಟ್ ನೀರಿಗೆ ತೀರ ಹತ್ತಿರ, ನೀರಿನ ವಕ್ರೀಭವನ ಸೂಚ್ಯಂಕ 1.333 ಆದರೆ ಇದರದು 1.338ರ ಆಸುಪಾಸು. ಹಾಗಾಗಿ ತಿಳಿಯಾದ ಹರಳನ್ನು ಪುಡಿ ಮಾಡಿ ಗಾಜಿನ ಲೋಟದ ನೀರಿಗೆ ಹಾಕಿದರೆ ಪುಡಿ ಮುಳುಗುತ್ತದೆ, ತಳದಲ್ಲಿ ಇರುತ್ತದೆ, ಕಣ್ಣಿಗೆ ಮಾತ್ರ ಹೆಚ್ಚುಕಡಿಮೆ ಕಾಣದಾಗುತ್ತದೆ. ಆಲಿಕಲ್ಲು ನೀರಿನಲ್ಲಿ ಕರಗಿ ಮಾಯವಾಗುವುದಾದರೆ, ಇದು ಕರಗದೆಯೇ ಮಾಯವಾಗುವ ಆಲಿಕಲ್ಲು.

ಕಲ್ಲು ಸಿಕ್ಕುವ ತಾಣವನ್ನು 1806ರಲ್ಲಿ ಹೋಗಿ ನೋಡಿದವನು ಕಾರ್ಲ್ ಲುಡ್ವಿಗ್ ಗೀಸೆಕೆ. ಈ ಹೆಸರೂ ಇಟ್ಟುಕೊಂಡದ್ದೇ. ಹುಟ್ಟಿದಾಗ ಅವನು ಯೋಹಾನ್ ಗೇಯಾರ್ಗ್ ಮೆಟ್ಸ್‌ಲರ್. ವಿಯೆನ್ನಾದ ನಾಟಕ ಕಂಪನಿಯಲ್ಲಿ ನಟನಾಗಿ, 1791ರಲ್ಲಿ ಮೊತ್ಸಾರ್ಟನ ‘ಮಾಯಾಕೊಳಲು’ ಸಂಗೀತನಾಟಕದ ಮೊದಲ ಪ್ರದರ್ಶನದಲ್ಲಿ ಗುಲಾಮನೊಬ್ಬನ ಪಾತ್ರ ಮಾಡಿದ್ದವನು, ಬಣ್ಣ ಬಿಟ್ಟು ಕಲ್ಲಿನ ಹುಚ್ಚು ಹತ್ತಿಸಿಕೊಂಡು ಗ್ರೀನ್‌ಲ್ಯಾಂಡಿಗೆ ಹೋದ. ಅಲ್ಲಿ ಏಳು ವರ್ಷ ಕಳೆದು ಡಬ್ಲಿನ್ನಿನಲ್ಲಿ ಖನಿಜಶಾಸ್ತ್ರದ ಪ್ರಾಧ್ಯಾಪಕನಾದ. ನಮ್ಮ ಪದಕ್ಕೆ ನೇರ ಸಂಬಂಧಿಸದಿದ್ದರೂ ಇಂಥವನನ್ನು ಮಾತಾಡಿಸದೆ ಮುಂದೆ ಹೋಗುವುದು ಹೇಗೆ?

ಹೆಸರು ಸಿಕ್ಕಿತು, ಕೆಲಸ ಸಿಗಲಿಲ್ಲ. ಅರ್ಧ ಶತಮಾನದ ಕಾಲ ಅದು ವಸ್ತುಸಂಗ್ರಹಾಲಯದ ಹರಳಾಗಿಯೇ ಇತ್ತು. 1850ರ ದಶಕದಲ್ಲಿ ಡೆನ್ಮಾರ್ಕಿನ ಯೂಲಿಯಸ್ ಟಾಮ್ಸನ್ ಇದನ್ನು ಸುಣ್ಣಗಲ್ಲಿನ ಜೊತೆ ಕಾಯಿಸಿ ಸೋಡಾ ತೆಗೆಯುವ ದಾರಿ ಕಂಡುಕೊಂಡ ಮೇಲೆ ಹಡಗುಗಳು ಇವಿಟ್ಟೂಟ್ ಕಡೆ ತಿರುಗಿದವು; ಕೆಲವು ಅಟ್ಲಾಂಟಿಕ್ ದಾಟಿ ಪೆನ್ಸಿಲ್ವೇನಿಯಾದ ನಟ್ರೋನಾಕ್ಕೂ ಕಲ್ಲು ಹೊತ್ತು ಹೋದವು. ಆ ಊರಿನ ಹೆಸರು ಸೋಡಾದ ಹಳೆಯ ಹೆಸರಾದ ನೇಟ್ರಾನಿನಿಂದ ಬಂದದ್ದು, ಸೋಡಿಯಮ್ಮಿಗೆ ರಸಾಯನಶಾಸ್ತ್ರಜ್ಞರು ಇಟ್ಟ ಸಂಕೇತದಲ್ಲೂ ಅದೇ ಪದದ ಮೊದಲೆರಡು ಅಕ್ಷರ ಉಳಿದಿದೆ. ಹೀಗೆ ಹಿಮಗಲ್ಲಿನ ಮೊದಲ ಉದ್ಯೋಗ ಸೋಪು, ಗಾಜುಗಳಿಗೆ ಬೇಕಾದ ಸೋಡಾದ ಕಚ್ಚಾಸರಕಾಗಿ. ಈ ಕಾಲದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಗ್ಗದ ಸೋಡಾ ಬೇರೆ ದಾರಿಯಿಂದ ಬಂದದ್ದೇ ಆ ಉದ್ಯೋಗ ಸೊರಗಿತು.

ಆದರೆ ಆ ಕಲ್ಲಿನೊಳಗೆ ಎಷ್ಟು ಪದಗಳು ಅಡಗಿವೆ ನೋಡಿ. ಅದರ ಅಣುಸೂತ್ರದಲ್ಲಿ ಸೋಡಿಯಂ ಮೂರು, ಅಲ್ಯೂಮಿನಿಯಮ್ ಒಂದು, ಫ್ಲೋರೀನ್ ಆರು. ಮೊದಲೆರಡರ ಮೂಲ ಆಗಲೇ ಬಂತು. ಫ್ಲೋರೀನ್ ಎಂಬುದು ಹರಿ, ಪ್ರವಹಿಸು ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. 16ನೇ ಶತಮಾನದ ಅಗ್ರಿಕೋಲ ಅದಿರನ್ನು ಬೇಗ ಕರಗಿಸಿ ಹರಿಯುವಂತೆ ಮಾಡುವ ಹರಳುಗಳಿಗೆ ಫ್ಲುವೊರೆಸ್ ಎಂದಿದ್ದ. ಆ ಹರಳಿನಿಂದ ಆಮ್ಲ, ಆಮ್ಲದಿಂದ ಧಾತು ಹೆಸರು ಪಡೆದವು. ಅಂತೂ ಹೆಪ್ಪಿನ ಹೆಸರು ಹೊತ್ತ ಕಲ್ಲಿನೊಳಗೆ ಹರಿಯುವಿಕೆಯ ಹೆಸರು ಆರು ಪಾಲು ತುಂಬಿತ್ತು. ನಮ್ಮ ಅಕ್ಕಸಾಲಿಗರ ಬಿಳಿಗಾರ, ಸಂಸ್ಕೃತದ ಟಂಕಣ, ಇದೇ ಕೆಲಸದ್ದು: ಚಿನ್ನ ಬೇಗ ಕರಗಲಿ, ಬೆಸುಗೆ ಸರಾಗವಾಗಿ ಹರಿಯಲಿ ಎಂದು ಚಿಟಿಕೆ ಉದುರಿಸುವುದು. ರಸವಾದಿಗಳು ಜೇನು, ತುಪ್ಪ, ಗುಲಗಂಜಿ ಮೊದಲಾದವುಗಳ ಜೊತೆಗೆ ಟಂಕಣವನ್ನೂ ಸೇರಿಸಿ ಮಿತ್ರಪಂಚಕವೆಂದು ಕರೆದರು. ಲೋಹವನ್ನು ಭಸ್ಮದ ಸ್ಥಿತಿಯಿಂದ ಮತ್ತೆ ಲೋಹವಾಗಿಸಲು ನೆರವಾಗುವವರು ಮಿತ್ರರು. ಆ ಪರಿಭಾಷೆಯ ಅಂದಕ್ಕೆ ಮನಸೋಲದವರುಂಟೆ? ಕ್ರಯೊಲೈಟ್ ರಸಶಾಲೆಗೆ ಬಂದಿದ್ದರೆ ಅವರು ನೋಟಕ್ಕೆ ಮರುಳಾಗದೆ ಕೆಲಸ ನೋಡಿ ಆರನೆಯ ಮಿತ್ರನೆಂದು ಸೇರಿಸಿಕೊಳ್ಳುತ್ತಿದ್ದರೆಂದು ನನ್ನ ಊಹೆ.

ಮಿತ್ರನ ಅಗತ್ಯ ಅಲ್ಯೂಮಿನಿಯಮ್ಮಿಗೆ ಇದ್ದಷ್ಟು ಬೇರೆ ಯಾವ ಲೋಹಕ್ಕೂ ಇರಲಿಲ್ಲ. ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಹಂಫ್ರಿ ಡೇವಿ 1808ರಲ್ಲಿ ಲೋಹವನ್ನು ಕಾಣುವ ಮೊದಲೇ ಅದಕ್ಕೆ ಅಲುಮಿಯಮ್ ಎಂದು ಹೆಸರಿಟ್ಟ, 1812ರ ತನ್ನ ಪುಸ್ತಕದಲ್ಲಿ ತಾನೇ ಅದನ್ನು ಅಲುಮಿನಮ್ ಎಂದು ತಿದ್ದಿದ. ಆ ಪುಸ್ತಕವನ್ನು ವಿಮರ್ಶಿಸಿದವರೊಬ್ಬರಿಗೆ ಅದು ಶಾಸ್ತ್ರೀಯವಾಗಿ ಕೇಳಿಸಲಿಲ್ಲ, ಸೋಡಿಯಂ ಪೊಟ್ಯಾಸಿಯಂಗಳ ಪ್ರಾಸಕ್ಕೆ ಅಲ್ಯೂಮಿನಿಯಮ್ ಇರಲೆಂದರು. ಅಮೆರಿಕ ಡೇವಿಯ ಎರಡನೆಯ ರೂಪವನ್ನೂ ಇಂಗ್ಲೆಂಡು ವಿಮರ್ಶಕರ ರೂಪವನ್ನೂ ಹಿಡಿದವು, ನಾವು ಇಂಗ್ಲೆಂಡಿನ ಹಿಂದೆ ಹೋದೆವು. ಲೋಹ ಮಾತ್ರ ಕೈಗೆ ಸಿಗಲು 1825ರ ತನಕ ಕಾಯಿಸಿತು. ಎರ್ಸ್ಟೆಡ್, ಆಮೇಲೆ ವೋಲರ್, ಆಮೇಲೆ ಫ್ರಾನ್ಸಿನ ಡೆವಿಲ್ ಒಬ್ಬರಾದ ಮೇಲೊಬ್ಬರು ದುಬಾರಿ ರಾಸಾಯನಿಕಗಳಿಂದ ಅದನ್ನು ಬಿಡಿಸಿಕೊಂಡರು. 1855ರಲ್ಲಿ ಬರ್ಲಿನ್ನಿನ ರೋಸ, ಲಂಡನ್ನಿನ ಪರ್ಸಿ ಇಬ್ಬರೂ ಕ್ರಯೊಲೈಟನ್ನೇ ಅದಿರನ್ನಾಗಿ ತೆಗೆದುಕೊಂಡು ಸೋಡಿಯಂ ಲೋಹದಿಂದ ಅದರೊಳಗಿನ ಅಲ್ಯೂಮಿನಿಯಮ್ಮನ್ನು ಹೊರಗೆಳೆದರು. ಆದರೆ ಕಲ್ಲಿನ ನಿಜವಾದ ಯೋಗ್ಯತೆ ತಾನೇ ಅದಿರಾಗುವುದರಲ್ಲಿ ಇರಲಿಲ್ಲ.

ತೊಡಕು ಇಷ್ಟೆ. ಬಾಕ್ಸೈಟಿನಿಂದ (ಫ್ರಾನ್ಸಿನ ಲೆ ಬೋ ಎಂಬ ಊರಿನ ಹೆಸರು ಹೊತ್ತ ಕೆಂಪು ಅದಿರು, ಹೆಸರಿನ ಮಟ್ಟಿಗೆ ನಮ್ಮ ಸೌರಾಷ್ಟ್ರಿಯ ಜಾತಿಯದು) ಶುದ್ಧ ಅಲ್ಯೂಮಿನಾ ತೆಗೆಯಬಹುದು. ಆ ಬಿಳಿ ಪುಡಿಯಲ್ಲಿ ಲೋಹ ಆಮ್ಲಜನಕವನ್ನು ಎಷ್ಟು ಬಿಗಿಯಾಗಿ ಅಪ್ಪಿಕೊಂಡಿದೆಯೆಂದರೆ ಇದ್ದಿಲು ಹಾಕಿ ಕಾಯಿಸಿ ಕಬ್ಬಿಣ ತೆಗೆದಂತೆ ತೆಗೆಯಲಾಗದು. ವಿದ್ಯುತ್ತಿನಿಂದ ಬಿಡಿಸೋಣವೆಂದರೆ ಮೊದಲು ಅದು ದ್ರವವಾಗಬೇಕು, ಅಲ್ಯೂಮಿನಾ ಕರಗುವುದು 2050 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. 1886ರಲ್ಲಿ ಇಬ್ಬರು ಯುವಕರು, ಅಮೆರಿಕದ ಓಬರ್ಲಿನ್ನಿನಲ್ಲಿ ಚಾರ್ಲ್ಸ್ ಮಾರ್ಟಿನ್ ಹಾಲ್, ಫ್ರಾನ್ಸಿನಲ್ಲಿ ಪೋಲ್ ಎರೂ, ಒಬ್ಬರನ್ನೊಬ್ಬರು ಅರಿಯದೆ ಒಂದೇ ಯುಕ್ತಿಯನ್ನು ಕಂಡರು: ಅಲ್ಯೂಮಿನಾವನ್ನು ಕರಗಿಸುವ ಹಟ ಬಿಟ್ಟು, ಸಾವಿರ ಡಿಗ್ರಿಯ ಆಸುಪಾಸಿನಲ್ಲೇ ನೀರಾಗುವ ಕ್ರಯೊಲೈಟನ್ನು ಕರಗಿಸಿ, ಅದರಲ್ಲಿ ಅಲ್ಯೂಮಿನಾವನ್ನು ಬೆರೆಸುವುದು. ಇಬ್ಬರೂ 1863ರಲ್ಲಿ ಹುಟ್ಟಿದವರು, ಇಬ್ಬರೂ 1914ರಲ್ಲಿ ತೀರಿದವರು. ಹಾಲ್ ಮೊದಲು ಮಣ್ಣಿನ ಮೂಸೆಯಲ್ಲಿ ಮಾಡಿ ನೋಡಿದಾಗ ಬರಬೇಕಾದ್ದು ಬರಲಿಲ್ಲ, ಮೂಸೆಯ ಸಿಲಿಕಾ ಕರಗಿ ಬೆರೆತು ಕೆಡಿಸುತ್ತಿತ್ತು. ಒಳಗೋಡೆಗೆ ಇಂಗಾಲ ಮೆತ್ತಿ ಫೆಬ್ರುವರಿ 23ರಂದು ಮತ್ತೆ ವಿದ್ಯುತ್ತು ಹರಿಸಿದಾಗ ತಳದಲ್ಲಿ ಬೆಳ್ಳನೆಯ ಲೋಹದ ಗುಂಡುಗಳು ಕಂಡವು. ಅಂಥ ಗುಂಡುಗಳನ್ನು ಆತನ ಕಂಪನಿ ‘ಕಿರೀಟದ ಆಭರಣಗಳು’ ಎಂದು ಕರೆದು ಕಾಪಾಡಿಕೊಂಡಿತು. ಫ್ಲೋರೀನನ್ನು ಮ್ವಾಸಾನ್ ಮೊದಲ ಬಾರಿ ಬಿಡಿಯಾಗಿ ಹಿಡಿದದ್ದೂ ಅದೇ ವರ್ಷದ ಜೂನಿನಲ್ಲಿ, ಪ್ಯಾರಿಸ್ಸಿನಲ್ಲಿ. ಹಿಮಗಲ್ಲಿನೊಳಗಿನ ಇಬ್ಬರೂ ಒಂದೇ ವರ್ಷ ಪಳಗಿದರು.

ಈ ಯುಕ್ತಿಯಿಂದ ನಡೆಯುವ ಕಾರ್ಖಾನೆಯ ಒಳಗೆ ಪದಗಳು ಹೇಗೆ ಬೆರೆಯುತ್ತವೆಂಬುದು ನಮಗೆ ಲೋಹಕ್ಕಿಂತ ರುಚಿ. ಕರಗಿದ ಕ್ರಯೊಲೈಟನ್ನು ಹಿಡಿದಿಡುವ ತೊಟ್ಟಿಗೆ ಕೆಲಸದವರು ಪಾಟ್ ಎನ್ನುತ್ತಾರೆ, ತೊಟ್ಟಿಗಳ ಸಾಲಿರುವ ಉದ್ದನೆಯ ಕಟ್ಟಡ ಪಾಟ್‌ರೂಮ್. ಒಳಗಿನ ದ್ರವಕ್ಕೆ ಬಾತ್. ಬಿಸಿಬೇಳೆಬಾತಿನ ನಾಡಿನವರು ಕೇಳಿದರೆ ನಗು ಬಂದೀತು, ಬಿಸಿಯಂತೂ ಸುಳ್ಳಲ್ಲ: ಸುಮಾರು 960 ಡಿಗ್ರಿ. ತೊಟ್ಟಿಯ ಒಳಮೈಗೆ ಇಂಗಾಲ, ಮೇಲಿನಿಂದ ಇಳಿಬಿಟ್ಟ ಇಂಗಾಲದ ದಿಮ್ಮಿಗಳು. ವಿದ್ಯುತ್ತು ಹರಿದಂತೆ ಅಲ್ಯೂಮಿನಾದ ಆಮ್ಲಜನಕ ದಿಮ್ಮಿಯನ್ನು ಸುಟ್ಟು ಹೊಗೆಯಾಗಿ ಹೋಗುತ್ತದೆ, ಲೋಹ ಬಾತಿಗಿಂತ ತುಸು ಭಾರವಾದ್ದರಿಂದ ತಳಕ್ಕಿಳಿದು ನಿಲ್ಲುತ್ತದೆ. ಬಾತಿನ ಮೇಲ್ಮೈ ಗಾಳಿಗೆ ತಣಿದು, ಕಾದ ಹಾಲಿಗೆ ಕೆನೆ ಕಟ್ಟಿದ ಹಾಗೆ, ಗಟ್ಟಿಯಾದ ಹಕ್ಕಳೆ ಕಟ್ಟುತ್ತದೆ. ಮತ್ತೆ ಅಲ್ಯೂಮಿನಾ ಉಣಿಸಬೇಕೆಂದರೆ ಹಕ್ಕಳೆಯನ್ನು ಕುಟ್ಟಿ ತೂತು ಮಾಡಬೇಕು. ಆ ಹಕ್ಕಳೆಗೆ ಅವರ ಹೆಸರು ಕ್ರಸ್ಟ್. ಹೌದು, ಅದೇ ಕ್ರುಸ್ತಾ! ಗ್ರೀಕಿನ ಕ್ರೂಓಸ್ ಕೆಳಗೆ ಕುದಿಯುತ್ತಿದೆ, ಅದರ ಲ್ಯಾಟಿನ್ ತಂಗಿ ಮೇಲೆ ಮುಚ್ಚಳವಾಗಿ ಕೂತಿದ್ದಾಳೆ. ಎರಡೂ ಒಂದೇ ಪದಾರ್ಥ, ಎರಡೂ ಒಂದೇ ಬೇರು, ದಿನವೂ ಕುಟ್ಟುವವರಿಗೆ ಇಬ್ಬರ ಸಂಬಂಧ ತಿಳಿಯದು, ತಿಳಿದು ಅವರಿಗೆ ಆಗಬೇಕಾದ್ದೂ ಇಲ್ಲ. ತೊಟ್ಟಿಯ ಪಕ್ಕದ ಗೋಡೆಗಳ ಕಥೆ ಇನ್ನೂ ಚೆಂದ. ಈ ಬಾತು ತಾಗಿದ್ದನ್ನೆಲ್ಲ ಕರಗಿಸಿ ನುಂಗುವಂಥದ್ದು, ಅದನ್ನು ತಾಳುವ ಇಟ್ಟಿಗೆ ಸಿಗುವುದು ಕಷ್ಟ. ಹಾಗಾಗಿ ಗೋಡೆಯನ್ನು ಹೊರಗಿನಿಂದ ತುಸು ತಣ್ಣಗೆ ಇಟ್ಟು, ಕ್ರಯೊಲೈಟೇ ಒಳಬದಿಗೆ ಹೆಪ್ಪುಗಟ್ಟಿ ಪದರವಾಗುವಂತೆ ಮಾಡುತ್ತಾರೆ. ಕರಗಿದ ಕ್ರಯೊಲೈಟನ್ನು ಕಾಯುವ ಗೋಡೆ ಹೆಪ್ಪಾದ ಕ್ರಯೊಲೈಟೇ. ಸಾವಿರ ಡಿಗ್ರಿಗೆ ಹತ್ತಿರದ ಬೇಗೆಯಲ್ಲಿ ಹೆಪ್ಪುಗಟ್ಟುವುದು ಎಂಬ ಮಾತಿಗೆ ಅರ್ಥವಿದೆಯೆಂದು ಕೋಪನ್‌ಹೇಗನ್ನಿನ ಪಶುವೈದ್ಯ ಯೋಚಿಸಿರಲಾರ.

ಕನ್ನಡ ಲಿಪಿ ಇಲ್ಲೊಂದು ತಮಾಷೆಯನ್ನು ತಾನಾಗಿ ಸೇರಿಸಿದೆ. ಕ್ರಯೊಲೈಟ್ ಒಂದು ಎಲೆಕ್ಟ್ರೊಲೈಟ್ ಆಗಿ ಕೆಲಸ ಮಾಡುತ್ತದೆಂದು ಬರೆದಾಗ ಎರಡು ಲೈಟ್‌ಗಳೂ ನಮಗೆ ಒಂದೇ. ಬೀದಿದೀಪದ ಲೈಟನ್ನೂ ಸೇರಿಸಿದರೆ ಮೂರು. ಮೊದಲನೆಯದು ಲಿಥೊಸ್, ಕಲ್ಲು. ಎರಡನೆಯದು ಸಡಿಲಿಸು, ಬಿಡಿಸು ಎಂಬರ್ಥದ ಲೂಓ ಧಾತುವಿನದು. 1834ರಲ್ಲಿ ಫ್ಯಾರಡೆ ವಿದ್ವಾಂಸ ಮಿತ್ರರನ್ನು ಕೇಳಿ ಕಟ್ಟಿಸಿಕೊಂಡ ಪರಿಭಾಷೆ. ಇದೇ ಧಾತುವಿಗೆ ಸಂಸ್ಕೃತದಲ್ಲಿ ಕತ್ತರಿಸು, ಕೊಯ್ಯು ಎಂಬರ್ಥದ ಲೂ ಧಾತು ಬಂಧು, ಅದರ ಮಗ ಲವಿತ್ರ, ನಮ್ಮ ಕುಡುಗೋಲು. ಕನ್ನಡದಲ್ಲಿ ನಾವು ವಿದ್ಯುದ್ವಿಭಜನೆ ಎಂದು ಸಂಸ್ಕೃತದಿಂದ ಕಟ್ಟಿಕೊಂಡೆವು, ಸರಿಯಾಗಿಯೇ ಕಟ್ಟಿದೆವು. ಕ್ರಯೊಲೈಟನ್ನು ಮಾತ್ರ ಹಾಗೆಯೇ ಉಳಿಸಿಕೊಂಡೆವು. ಅದೂ ಸರಿಯೇ. ಹಿಮಶಿಲೆ ಎಂದಿದ್ದರೆ ಓದುವ ಮಕ್ಕಳು ಹಿಮಾಲಯಕ್ಕೆ ಹೋಗುತ್ತಿದ್ದರು. ಈಚೆಗೆ ಕ್ರಯೊ ಎಂಬುದು ಬೇರೊಂದು ಬಾಗಿಲಿನಿಂದ ಕನ್ನಡಕ್ಕೆ ಬಂದಿದೆ: 2014ರ ಜನವರಿಯಲ್ಲಿ ಇಸ್ರೊ ಸ್ವದೇಶಿ ಕ್ರಯೊಜೆನಿಕ್ ಎಂಜಿನ್ನನ್ನು ಯಶಸ್ವಿಯಾಗಿ ಹಾರಿಸಿದಾಗ ಪತ್ರಿಕೆಗಳಿಂದ ಕಟ್ಟೆಹರಟೆಗೂ ಆ ಪದ ಇಳಿಯಿತು. ಅಲ್ಲಿ ಕ್ರಯೊ ಎಂದರೆ ಶೂನ್ಯಕ್ಕಿಂತ 253 ಡಿಗ್ರಿ ಕೆಳಗಿನ ದ್ರವ ಜಲಜನಕ. ಒಂದೇ ಪೂರ್ವಪದ ಒಂದು ಕಡೆ ರಾಕೆಟ್ಟಿನ ಕಡುಶೀತಕ್ಕೂ ಇನ್ನೊಂದು ಕಡೆ ಆ ರಾಕೆಟ್ಟಿನ ಮೈಯ ಅಲ್ಯೂಮಿನಿಯಮ್ ಹುಟ್ಟಿದ ಬೆಂಕಿಗೂ ದುಡಿಯುತ್ತಿದೆ.

ಬೇಡಿಕೆ ಬೆಳೆದಂತೆ ಇವಿಟ್ಟೂಟ್ ಗಣಿ ಎಷ್ಟು ಬೆಲೆಬಾಳಿತೆಂದರೆ ಎರಡನೆಯ ಮಹಾಯುದ್ಧದಲ್ಲಿ, 1940ರಲ್ಲಿ ಜರ್ಮನಿ ಡೆನ್ಮಾರ್ಕನ್ನು ಹಿಡಿದುಕೊಂಡದ್ದೇ ತಡ, ವಿಮಾನಗಳಿಗೆ ಅಲ್ಯೂಮಿನಿಯಮ್ ಬೇಕಿದ್ದ ಅಮೆರಿಕ ಈ ಹುಲ್ಲೂರಿನ ಕಾವಲಿನ ಚಿಂತೆಗೆ ಬಿತ್ತು. ಆದರೆ ಒಂದು ಗಣಿಯನ್ನು ನಂಬಿ ಜಗತ್ತಿನ ಲೋಹ ನಡೆಯದು. ಅಗ್ರಿಕೋಲ ಹೇಳಿದ ಹರಳಾದ ಫ್ಲೋರ್‌ಸ್ಪಾರಿನ ಆಮ್ಲದಿಂದ ಕ್ರಯೊಲೈಟನ್ನು ಕಾರ್ಖಾನೆಯಲ್ಲೇ ತಯಾರಿಸುವುದು ಬಂತು. 1987ರಲ್ಲಿ ಇವಿಟ್ಟೂಟಿನ ವ್ಯವಹಾರ ಮುಚ್ಚಿತು, ಕಲ್ಲು ಮುಗಿದಿತ್ತು. ಅಲ್ಲಿಗೆ ನಮ್ಮ ಪದದ ಕೊನೆಯ ಅರ್ಥಾಂತರವೂ ಆಯಿತು. ಇಂದು ವ್ಯಾಪಾರದಲ್ಲಿ ಕ್ರಯೊಲೈಟ್ ಎಂದರೆ ಚೀಲದಲ್ಲಿ ಬರುವ ಬಿಳಿ ಪುಡಿ. ಅದು ಹಿಮದಂತೆಯೂ ಇಲ್ಲ, ಕಲ್ಲಂತೂ ಅಲ್ಲವೇ ಅಲ್ಲ. ಎರಡೂ ಅವಯವಗಳು ಸುಳ್ಳಾದ ಮೇಲೂ ಸಮಾಸ ಬದುಕಿದೆ. ಗಣಿಯಿಂದ ಬಂದ ಹರಳನ್ನು ಬೇರೆ ಮಾಡಿ ಹೇಳಬೇಕೆಂದರೆ ಈಗ ‘ಸಹಜ ಕ್ರಯೊಲೈಟ್’ ಎಂದು ವಿಶೇಷಣ ಹಚ್ಚಬೇಕು. ಮೂಲದವನೇ ವಿಶೇಷಣ ಹೊತ್ತು ತಿರುಗುವ ಈ ಪಾಡು ಕೈಮಗ್ಗದ ಸೀರೆಗೂ ನಾಟಿ ಕೋಳಿಗೂ ಬಂದದ್ದನ್ನು ನಾವು ಬಲ್ಲೆವು.

ಕನ್ನಡನಾಡಿಗೂ ಬಾತು ಬಂದಿತ್ತು. ಸಹ್ಯಾದ್ರಿಯ ಬಾಕ್ಸೈಟನ್ನು ನೆಚ್ಚಿ 1970ರ ಆಸುಪಾಸಿನಲ್ಲಿ ಬೆಳಗಾವಿಯಲ್ಲಿ ಎದ್ದ ಕಾರ್ಖಾನೆಯನ್ನು ಊರವರು ಇಂಡಾಲ್ ಎಂದೇ ಕರೆದರು. ಲೋಹ ಕರಗಿಸುವ ಭಾಗ ಮುಂದೆ ನಿಂತಿತು, ಅಲ್ಯೂಮಿನಾ ತಯಾರಿಕೆ ಉಳಿಯಿತು. ಇದೇ ಇಂಡಾಲ್ ಕಂಪನಿ 1943ರಲ್ಲಿ ಕೇರಳದ ಆಲುವಾ ಬಳಿ ಕುಲುಮೆ ಹೂಡಿದಾಗ ಆ ಜಾಗ ಅಲುಪುರಂ ಆಯಿತು, ಪಟಿಕದ ಲ್ಯಾಟಿನ್ ಹೆಸರು ಪುರವೊಂದಾಗಿ ಮಲಯಾಳದಲ್ಲಿ ನೆಲೆಸಿತು.

ಅಡುಗೆಮನೆಗೆ ಈ ಲೋಹ ಅದಕ್ಕೂ ಮೊದಲೇ ಬಂದಿತ್ತು. ಕ್ರಯೊಲೈಟಿನ ದಯೆಯಿಂದ ಬೆಲೆ ಇಳಿದ ಮೇಲೆ, 1898ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ ಅಲ್ಯೂಮಿನಿಯಮ್ ಪಾತ್ರೆ ತಟ್ಟಿಸಲು ಶುರುಮಾಡಿದ; ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನಾಗಿ ಬಂದವನೂ ಅವನೇ. ಪಾತ್ರೆ ಬಂತು, ಹೆಸರು ಬರಲಿಲ್ಲ. ಅಲ್ಯೂಮಿನಿಯಮ್ ಎಂಬ ಐದು ಹೆಜ್ಜೆಯ ಪದವನ್ನು ಹಳ್ಳಿಯ ಬಾಯಿ ಅಲ್ಮೀನಿ ಎಂದು ಮೊಟಕು ಮಾಡಿತು, ಅದೂ ಸಾಲದೆ ಹಳೆ ಮೈಸೂರಿನ ಕಡೆ ಸಿಲ್ವರ್ ತಟ್ಟೆ, ಸಿಲಾವರದ ಪಾತ್ರೆ ಎಂದು ಕರೆಯಿತು; ಉತ್ತರ ಕರ್ನಾಟಕದಲ್ಲಿ, ಪಕ್ಕದ ಮರಾಠಿಯಲ್ಲೂ, ಅದೇ ತಟ್ಟೆ ಜರ್ಮನ್ ತಾಟು. ಒಂದೇ ವಸ್ತು ಒಂದು ಕಡೆ ಬೆಳ್ಳಿ, ಇನ್ನೊಂದು ಕಡೆ ಒಂದು ದೇಶ! ನನಗೆ ತೋರುವುದು ಹೀಗೆ: ತಾಮ್ರ, ನಿಕ್ಕಲ್, ಸತುವು ಬೆರೆಸಿದ, ಬೆಳ್ಳಿಯ ಸೋಂಕೂ ಇಲ್ಲದ ‘ಜರ್ಮನ್ ಸಿಲ್ವರ್’ ಎಂಬ ಮಿಶ್ರಲೋಹ ನಮ್ಮ ಸಂತೆಗೆ ಮೊದಲೇ ಬಂದಿತ್ತು, ಅದರ ಜೋಡಿ ಹೆಸರನ್ನು ಹೊಸ ಬಿಳಿ ಲೋಹಕ್ಕೆ ವರ್ಗಾಯಿಸುವಾಗ ತೆಂಕಣದವರು ಉತ್ತರಪದವನ್ನೂ ಬಡಗಣದವರು ಪೂರ್ವಪದವನ್ನೂ ಉಳಿಸಿಕೊಂಡರು. ಇದು ಊಹೆಯೇ. ತೂಗಿ ನೋಡಬೇಕಾದರೆ ತುಮಕೂರು, ಚಿತ್ರದುರ್ಗ, ದಾವಣಗೆರೆ, ಹಾವೇರಿಗಳ ಹಳೆಯ ಪಾತ್ರೆ ಅಂಗಡಿಗಳಲ್ಲಿ ಊರೂರಿಗೆ ಕೇಳಿಕೊಂಡು ಹೋಗಿ, ಸಿಲ್ವರ್ ಎಲ್ಲಿ ನಿಂತು ಜರ್ಮನ್ ಎಲ್ಲಿ ಹಿಡಿಯುತ್ತದೆಂದು ನಕ್ಷೆಯ ಮೇಲೆ ಗೆರೆ ಎಳೆಯಬೇಕು. ನಮ್ಮಲ್ಲಿ ಯಾರಿಗಾದರೂ ಬಿಡುವಿದ್ದರೆ ಕೆಲಸ ಕಾದಿದೆ.